ತಿರುಗಿಸಿ ಕಟ್ಟಿದ ತಂತಿ

ಮೊನ್ನೆ ಅಟ್ಟದಿಂದ ಹಳೆಯ ಗಿಟಾರ್ ಚೀಲ ಇಳಿಸಿ ಜಿಪ್ ಎಳೆದೆ. ಒಳಗಿನಿಂದ ಕೊತ್ತಂಬರಿ ಸೊಪ್ಪಿನ ವಾಸನೆ ಬಂತು. ಆಗತಾನೆ ಕಿತ್ತ ಸೊಪ್ಪಿನದಲ್ಲ, ಮಳೆಯಲ್ಲಿ ನೆನೆದು ಗೋಣಿಯಡಿ ಒಂದು ರಾತ್ರಿ ಕಳೆದ ಸೊಪ್ಪಿನದು. ಚೀಲವನ್ನು ಎಷ್ಟೋ ಸಲ ಒಗೆದಿದ್ದೇನೆ, ವಾಸನೆ ಹೋಗಿಲ್ಲ. ಹೋಗದಿದ್ದರೆ ಇರಲಿ. ಗಾಂಧಿ ಬಜಾರಿನ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಆ ವರ್ಷದ ಮಳೆಗಾಲವನ್ನು ಮರೆಯಬೇಕೆಂಬ ಆಸೆ ನನಗೇನೂ ಇಲ್ಲ.

ಆಗ ನನಗೆ ಮೂವತ್ತರ ಆಸುಪಾಸು. ಚಾಮರಾಜಪೇಟೆಯ ಓಣಿಯೊಂದರಲ್ಲಿ ನಮ್ಮ ಮನೆ. ಅಜ್ಜಿ, ಅಮ್ಮ, ನಾನು. ಅಪ್ಪ ನಾನು ಪಿಯುಸಿಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಗಾಂಧಿ ಬಜಾರಿನಲ್ಲಿ ನಮ್ಮದು ತರಕಾರಿ ಅಂಗಡಿ. ಅಂಗಡಿಯೆಂದರೆ ಒಂದಷ್ಟು ಕ್ರೇಟು, ಒಂದು ತಕ್ಕಡಿ, ತಲೆಯ ಮೇಲೆ ನೀಲಿ ಟಾರ್ಪಾಲು. ಬೆಳಿಗ್ಗೆ ಮಾಲು ಇಳಿಸಿ, ಸ್ವಲ್ಪ ಹೊತ್ತು ವ್ಯಾಪಾರ ನೋಡಿ, ಆಮೇಲೆ ಅಂಗಡಿಯನ್ನು ಅಮ್ಮನಿಗೆ ಬಿಟ್ಟು ನಾನು ಎನ್.ಆರ್. ಕಾಲೋನಿಯ ಒಂದು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಾಸಿವೆಕಾಳಿನಷ್ಟು ಸಣ್ಣ ತಿರುಪು ಬಿಗಿಯುವುದು ನನ್ನ ಕೆಲಸ. ಅದನ್ನೆಲ್ಲ ಎಡಗೈಯಲ್ಲಿ ಮಾಡುತ್ತಿದ್ದೆ. ಒಳಗಿನ ಕೋಣೆಯಲ್ಲಿ ಕೂತು ಮಾಡುವ ಕೆಲಸವಾದ್ದರಿಂದ ಯಾರೂ ಏನೂ ಅನ್ನುತ್ತಿರಲಿಲ್ಲ.

ನಾನು ಹುಟ್ಟಾ ಎಡಚಿ. ನಮ್ಮ ಅಜ್ಜಿಗೆ ಅದೊಂದು ದೊಡ್ಡ ಸಂಕಟ. ಬೆಳಗಿನ ಬೋಣಿ, ಅಂದರೆ ಮೊದಲ ಗಿರಾಕಿಯ ದುಡ್ಡು, ಎಡಗೈಗೆ ಬಿದ್ದರೆ ದಿನವೇ ಹಾಳು ಎಂದು ಅವಳು ನಂಬಿದ್ದಳು. ನಾನು ಚಿಕ್ಕವಳಿದ್ದಾಗ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಶಾಲೆಯಲ್ಲೂ ಅದೇ ಕಥೆ. ಈಗಲೂ ನಾನು ಬರೆಯುವುದು ಬಲಗೈಯಲ್ಲಿ, ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿರುತ್ತದೆ. ಐದು ವರ್ಷದ ಮಗುವಿಗೆ ಬೇಡ ಅನ್ನಲು ಆಗುವುದಿಲ್ಲ. ಹೀಗೆ ನನ್ನ ಬರವಣಿಗೆ ಹೋಯಿತು.

ಕನ್ನಡಕದ ಅಂಗಡಿಯ ಮಹಡಿಯಲ್ಲಿ ವಾಸುದೇವ ಸರ್ ಗಿಟಾರ್ ಹೇಳಿಕೊಡುತ್ತಿದ್ದರು. ರಿಟೈರಾದ ಮೇಲೆ ಶುರುಮಾಡಿದ ಕ್ಲಾಸು. ಸಂಜೆ ನಾನು ಗಾಜು ಉಜ್ಜುತ್ತಿದ್ದರೆ ಮೇಲಿನಿಂದ ನಾದ ಇಳಿದು ಬರುತ್ತಿತ್ತು. ಅದರಲ್ಲಿ ಫ್ಲಮೆಂಕೊ ಎಂಬ ಸ್ಪೇನಿನ ಶೈಲಿಯ ವಾದನ ನನ್ನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ. ಬೆರಳುಗಳನ್ನು ಒಂದರ ಹಿಂದೊಂದು ಬೀಸಿ ಎಲ್ಲ ತಂತಿಗಳನ್ನೂ ಸರಸರನೆ ಬಡಿಯುವ ಆ ಬೀಸು ಕೇಳಿದಾಗಲೆಲ್ಲ ಮೇಜಿನ ಮೇಲೆ ನನ್ನ ಎಡಗೈ ತಾನಾಗಿಯೇ ಆಡುತ್ತಿತ್ತು. ಒಂದು ದಿನ ಮೆಟ್ಟಿಲು ಹತ್ತಿ ಹೋಗಿ ಸೇರಿಯೇಬಿಟ್ಟೆ. ಕ್ಲಾಸು ಬಿಟ್ಟು ಬೇರೆ ಊರಿಗೆ ಹೊರಟಿದ್ದ ಹುಡುಗಿಯೊಬ್ಬಳ ಹಳೆಯ ಫ್ಲಮೆಂಕೊ ಗಿಟಾರ್ ಕೊಂಡುಕೊಂಡೆ. ತೆಳು ಮರದ್ದು, ಎತ್ತಿದರೆ ಖಾಲಿ ಬುಟ್ಟಿಯಷ್ಟು ಹಗುರ.

ಎಲ್ಲರ ಹಾಗೆ ಬಲಗೈಯಲ್ಲಿ ಮೀಟಿ, ಎಡಗೈಯಲ್ಲಿ ತಂತಿ ಒತ್ತಿ ಕಲಿಯತೊಡಗಿದೆ. ಸರ್ ಹೇಳಿದ್ದೂ ಹಾಗೆಯೇ. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ.

"ನೋಡಮ್ಮ ಭಾಗ್ಯ, ಪಿಯಾನೋನ ಎಡಗೈನೋರಿಗೆ ಅಂತ ಬೇರೆ ಮಾಡ್ತಾರಾ? ವೀಣೆ? ಕಲಿಯೋರಿಗೆ ಎರಡು ಕೈಗೂ ಕೆಲಸ ಹೊಸದೇ. ಪ್ರಾಕ್ಟೀಸ್ ಮಾಡು, ಬರುತ್ತೆ."

ಮಾಡಿದೆ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ನಿಧಾನದ ಪಾಠಗಳೆಲ್ಲ ತಕ್ಕಮಟ್ಟಿಗೆ ಬಂದವು. ಆ ಬೀಸು ಮಾತ್ರ ಬರಲಿಲ್ಲ. ಯಾವಾಗ ಬಡಿಯಬೇಕೆಂದು ಕಿವಿಗೆ ಗೊತ್ತು, ಬಲಗೈ ಅದಕ್ಕಿಂತ ಒಂದು ಕ್ಷಣ ಹಿಂದೆ. ನನಗಿಂತ ತಡವಾಗಿ ಸೇರಿದವರು ನನ್ನನ್ನು ದಾಟಿ ಹೋದರು.

ಜೂನಿನ ಒಂದು ಸಂಜೆ ಮಳೆ ಜೋರಾಗಿ ಕ್ಲಾಸಿನ ನಡುವೆ ಕರೆಂಟು ಹೋಯಿತು. ಎಲ್ಲರೂ ನುಡಿಸುವುದು ಬಿಟ್ಟು ಕಿಟಕಿಯ ಕಡೆ ನೋಡುತ್ತ ಕೂತರು. ಆ ಮಬ್ಬಿನಲ್ಲಿ, ಯಾಕೆಂದು ಕೇಳಿದರೆ ಹೇಳಲಾರೆ, ಗಿಟಾರನ್ನು ಆ ಕಡೆಗೆ ತಿರುಗಿಸಿ ಹಿಡಿದು ಎಡಗೈ ಬೀಸಿದೆ. ತಂತಿಗಳೆಲ್ಲ ತಲೆಕೆಳಗು, ಸ್ವರ ಅಪಸ್ವರ. ಆದರೆ ಬೀಸು ಬಂತು! ಮೊರಕ್ಕೆ ಕಾಳು ಸುರಿದ ಹಾಗೆ, ಒಂದೇ ಸಮನೆ. ಇನ್ನೊಂದು ಸಲ ಬೀಸಿದೆ. ಮತ್ತೂ ಬಂತು. ಯಾರೋ ನಕ್ಕರು. ಅಷ್ಟರಲ್ಲಿ ಕರೆಂಟು ಬಂತು.

"ಸರಿಯಾಗಿ ಹಿಡ್ಕೋ," ಎಂದರು ಸರ್.

"ಸರ್, ನಾನು ತಂತಿ ತಿರುಗಿಸಿ ಕಟ್ಟಿಸ್ಕೋತೀನಿ. ಎಡಗೈಲಿ ನುಡಿಸ್ತೀನಿ."

"ಆರು ತಿಂಗಳು ಕಲ್ತಿದ್ದೆಲ್ಲ ವೇಸ್ಟ್ ಆಗುತ್ತೆ. ಮೊದಲಿಂದ ಶುರು. ಅಲ್ಲದೆ ಅದರ ಒಳಗಿನ ಮರದ ಪಟ್ಟಿಗಳನ್ನ ಬಲಗೈ ಲೆಕ್ಕಕ್ಕೇ ಕೂರಿಸಿರ್ತಾರೆ, ಉಲ್ಟಾ ಕಟ್ಟಿದ್ರೆ ತಂತಿ ಹಿಡಿಯೋ ಬ್ರಿಡ್ಜೇ ಕಿತ್ಕೊಂಡು ಬರುತ್ತೆ. ವರ್ಷದ ಕೊನೆಗೆ ಪ್ರೋಗ್ರಾಂ ಇದೆ, ಎಲ್ಲರೂ ಸಾಲಾಗಿ ಕೂತಾಗ ನೀನೊಬ್ಬಳು ಆ ಕಡೆ ತಿರುಗಿಸ್ಕೊಂಡ್ರೆ ಪಕ್ಕದವರ ಮುಖಕ್ಕೆ ಬಡಿಯುತ್ತೆ. ನನ್ನ ಕ್ಲಾಸಲ್ಲಿ ಎಲ್ಲರೂ ಒಂದೇ ಕಡೆ. ಇಷ್ಟ ಇದ್ರೆ ಬಾ."

ನಾನು ಗಿಟಾರ್ ಚೀಲಕ್ಕೆ ಹಾಕಿ, ನಮಸ್ಕಾರ ಹೇಳಿ ಮೆಟ್ಟಿಲಿಳಿದೆ. ಮರುದಿನದಿಂದ ಮೇಲಕ್ಕೆ ಹೋಗಲಿಲ್ಲ.

ನಮ್ಮ ಓಣಿಯಾಚೆಗೆ ವಾದ್ಯದಂಗಡಿ ಇಟ್ಟುಕೊಂಡಿದ್ದವಳು ನಸೀಮಾ. ನನ್ನ ಜೊತೆ ಹೈಸ್ಕೂಲು ಓದಿದವಳು. ಅವಳ ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ಅವಳೇ ನೋಡುತ್ತಿದ್ದಳು. ವೀಣೆಯ ತಂತಿ, ತಬಲಾದ ಪಟ್ಟಿ, ಹಾರ್ಮೋನಿಯಂ ರಿಪೇರಿ, ಗೋಡೆಗೆ ನೇತುಹಾಕಿದ ಅಗ್ಗದ ಗಿಟಾರುಗಳು. ನನ್ನ ಮಾತು ಕೇಳಿ ಅವಳು ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಎಡಗೈಗೆ ಅಂತ ತಂತಿ ಬೇರೆ ಬರಲ್ಲ ಕಣೇ. ಇರೋದನ್ನೇ ಈ ಕಡೆದು ಆ ಕಡೆ ಕಟ್ಬೇಕು. ನಾನಂತೂ ಕಟ್ಟಿಲ್ಲ, ಅಪ್ಪಾನೂ ಕಟ್ಟಿಲ್ಲ."

"ಹಾಗಾದ್ರೆ ಇಬ್ರೂ ಕಲಿಯೋಣ."

"ಹಾಳಾದ್ರೆ?"

"ನನ್ನ ಗಿಟಾರು. ಹಾಳಾದ್ರೆ ನಂದು."

ಅವಳು ಡ್ರಾಯರು ಎಳೆದು ಪ್ಯಾಕೆಟ್ಟುಗಳನ್ನು ಕೌಂಟರಿನ ಮೇಲೆ ಹರವಿದಳು. ಇಂಥ ಗಿಟಾರಿಗೆ ಆರು ತಂತಿ. ಮೂರು ದಪ್ಪನೆಯವು, ರೇಷ್ಮೆಯಂಥ ಎಳೆಗಳ ಮೇಲೆ ಬೆಳ್ಳಿ ಬಣ್ಣದ ಲೋಹ ಸುತ್ತಿದ್ದು. ಇನ್ನು ಮೂರು ಬೋಳು ನೈಲಾನ್, ಮೀನಿನ ಗಾಳದ ದಾರದ ಹಾಗೆ. ಅದರಲ್ಲಿ ಬಿಗಿ ಹೆಚ್ಚಿನದು, ಸಾಧಾರಣದ್ದು, ಕಡಿಮೆಯದು ಅಂತ ಬೇರೆ ಬೇರೆ. ಬಿಗಿ ಹೆಚ್ಚಿದ್ದರೆ ಬೆರಳಿಗೆ ಎದುರು ನಿಲ್ಲುತ್ತದೆ, ದನಿ ಗಟ್ಟಿ, ಬಡಿದರೆ ಚಟೀರ್ ಅನ್ನುತ್ತದೆ. ಕಡಿಮೆಯಿದ್ದರೆ ಮೆತ್ತಗೆ, ಒತ್ತುವುದು ಸುಲಭ, ಜೋರಾಗಿ ಬಡಿದರೆ ಗೊರಗುಟ್ಟುತ್ತದೆ. ಅದೆಲ್ಲ ಗೊತ್ತಿದ್ದೂ ನಾನು ಆ ದಿನ ಅತಿ ಬಿಗಿಯದನ್ನೇ ಆರಿಸಿದೆ. ನನಗೆ ಸಿಟ್ಟು ಬಂದಿತ್ತು, ಗಟ್ಟಿಯಾಗಿ ಕೇಳಿಸಬೇಕಿತ್ತು.

ಕಟ್ಟಿ ನೋಡಿದಾಗ ಒಂದೊಂದೇ ತೊಡಕು ಎದ್ದಿತು. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರಲು ಒಂದು ಬಿಳಿ ಪಟ್ಟಿಯಿದೆ, ಅದರಲ್ಲಿ ಆರು ಗೀರು. ತೆಳು ತಂತಿಯ ಗೀರಿನಲ್ಲಿ ದಪ್ಪ ತಂತಿ ಕೂರದು. ದಪ್ಪದ ಗೀರಿನಲ್ಲಿ ತೆಳುವಾದದ್ದು ಅತ್ತಿತ್ತ ಜಾರಿ ಝೇಂಕರಿಸುತ್ತದೆ. ಹೊಸ ಪಟ್ಟಿಯೇ ಬೇಕಾಯಿತು. ಅದು ನನ್ನ ಕಸುಬಿಗೆ ಹತ್ತಿರದ ಕೆಲಸ. ಕನ್ನಡಕದ ಫ್ರೇಮು ಉಜ್ಜುವ ಸಣ್ಣ ಅರದಿಂದ ಮೂಳೆಯ ತುಂಡಿನಲ್ಲಿ ಗೀರು ಕೊರೆದೆ. ಮೊದಲನೆಯದು ಆಳವಾಗಿ ಹಾಳಾಯಿತು, ಎರಡನೆಯದು ಕೂತಿತು. ಫ್ಲಮೆಂಕೊದಲ್ಲಿ ಬೆರಳಿನಿಂದ ಮರದ ಮೇಲೂ ತಟ್ಟುತ್ತಾರೆ. ಮರ ಕಿತ್ತುಹೋಗದಂತೆ ಒಂದು ಕಡೆ ಪಾರದರ್ಶಕ ಹಾಳೆ ಅಂಟಿಸಿರುತ್ತದೆ. ನನ್ನ ಕೈಗೆ ಅದು ಈಚೆ ಕಡೆ ಬೇಕು. ಅಲ್ಲೂ ಒಂದು ಹಾಳೆ ಅಂಟಿಸಿಕೊಂಡೆ.

ಮಹಡಿಯ ಕ್ಲಾಸಿಲ್ಲ, ಮನೆಯಲ್ಲಿ ಅಜ್ಜಿ. ಹಾಗಾಗಿ ಬೆಳಗಿನ ವ್ಯಾಪಾರ ತಣ್ಣಗಾದ ಹೊತ್ತಿನಲ್ಲಿ ತರಕಾರಿ ಅಂಗಡಿಯ ಹಿಂದೆ, ಟಾರ್ಪಾಲಿನ ಕೆಳಗೆ ಕೂತು ಅಭ್ಯಾಸ ಮಾಡುತ್ತಿದ್ದೆ. ಎದುರಿಗೆ ಅಗೆದ ರಸ್ತೆ, ಕೆಸರು, ಹಲಗೆಯ ಮೇಲೆ ಸೀರೆ ಎತ್ತಿ ಹಿಡಿದು ದಾಟುವ ಗಿರಾಕಿಗಳು. ಸರ್ ಹೇಳಿದ್ದು ನಿಜ, ಎಲ್ಲ ಮೊದಲಿನಿಂದ. ಎಡಗೈಗೆ ಬೀಸು ಬಂತು, ಈಗ ತಂತಿ ಒತ್ತಬೇಕಾದ ಬಲಗೈ ಮಗುವಿನ ಹಾಗೆ ತಡವರಿಸಿತು. ಬೆರಳ ತುದಿ ಹಣ್ಣಾಯಿತು. ಬಿಗಿ ತಂತಿ ಒತ್ತಿ ಒತ್ತಿ ಸಂಜೆ ಆ ಕೈಯಲ್ಲಿ ಫ್ರೇಮು ಹಿಡಿಯಲೂ ನೋವು.

ಅಜ್ಜಿಗೆ ಎಲ್ಲ ತಿಳಿದದ್ದು ನನ್ನ ಉಗುರಿನಿಂದ. ಮೀಟುವ ಕೈಗೆ ಉಗುರು ಬೇಕು. ಬಲಗೈಯ ಉಗುರು ಕತ್ತರಿಸಿ ಎಡಗೈಯದನ್ನು ಬೆಳೆಸಿದ್ದೆ. ಒಂದು ಬೆಳಿಗ್ಗೆ ಅಂಗಡಿಗೆ ಬಂದಿದ್ದ ಅಜ್ಜಿ, ನಾನು ಹುರುಳಿಕಾಯಿ ತೂಗುತ್ತಿದ್ದಾಗ ನನ್ನ ಕೈ ಹಿಡಿದು ನೋಡಿದಳು.

"ಇದೇನೇ ಇದು? ಆ ಕೈಗೆ ಉಗುರು ಬಿಟ್ಟಿದೀಯ? ಹೆಣ್ಣುಮಗಳು, ತರಕಾರಿ ಮುಟ್ಟೋ ಕೈ. ಕತ್ತರ್ಸು ಮೊದ್ಲು."

"ಕತ್ತರ್ಸಲ್ಲ ಅಜ್ಜಿ."

"ಏನಂದೆ?"

"ಕತ್ತರ್ಸಲ್ಲ ಅಂದೆ. ಚಿಕ್ಕೋಳಿದ್ದಾಗ ಕಟ್ಟಾಕ್ದೆ, ಸುಮ್ನಿದ್ದೆ. ಈಗ ಕಟ್ಟು ನೋಡೋಣ."

ಅಂಗಡಿಯ ಮುಂದೆ ನಿಂತಿದ್ದ ಗಿರಾಕಿ ಟೊಮೆಟೊ ಆರಿಸುವುದನ್ನು ನಿಲ್ಲಿಸಿದರು. ಅಜ್ಜಿಯ ಹತ್ತಿರ ನಾನು ಅಷ್ಟು ಖಡಕ್ಕಾಗಿ ಹಿಂದೆಂದೂ ಮಾತಾಡಿರಲಿಲ್ಲ. ಅವಳು ನನ್ನ ಕೈ ಬಿಟ್ಟು ತಕ್ಕಡಿಯ ಕಡೆ ತಿರುಗಿಕೊಂಡಳು. ಆಮೇಲೆ ಹಲವು ದಿನ, ಏನಾದರೂ ಬೇಕಾದರೆ ಅಮ್ಮನ ಮೂಲಕ ಹೇಳಿಸುತ್ತಿದ್ದಳು. ನನಗೆ ಬೇಜಾರಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಶ್ರಾವಣದಲ್ಲಿ ಮಳೆ ಬಿಡದೆ ಸುರಿಯಿತು. ಒಂದು ಬೆಳಿಗ್ಗೆ ಗಿಟಾರ್ ತೆಗೆದರೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಒಂದು ಮೂಲೆಯಲ್ಲಿ ಮೇಲೆದ್ದಿತ್ತು. ಸಂದಿಯಲ್ಲಿ ಕಾಗದ ತೂರುತ್ತಿತ್ತು. ನಸೀಮಾಳ ಅಂಗಡಿಗೆ ಒಯ್ಯುವಾಗ ದಾರಿಯಲ್ಲಿ ಕ್ಲಾಸಿನ ಕಾರ್ತಿಕ್ ಸಿಕ್ಕಿದ. ಸರ್ ಶಿಷ್ಯರಲ್ಲೆಲ್ಲ ಚುರುಕಾದವನು, ಪ್ರೋಗ್ರಾಮಿನಲ್ಲಿ ಮೊದಲ ಗಿಟಾರ್, ಅಂದರೆ ಉಳಿದವರನ್ನು ನಡೆಸುವ ಗಿಟಾರ್, ಅವನದೇ. ಚೀಲ ತೆರೆದು ತೋರಿಸಿದೆ, ಅಯ್ಯೋ ಅಂದ. ಸಂಜೆಯೊಳಗೆ ಸುದ್ದಿ ಮಹಡಿಗೆ ಮುಟ್ಟಿತು. ಮೆಟ್ಟಿಲ ಬಳಿ ಎದುರಾದ ಸರ್ ಇಷ್ಟೇ ಅಂದರು: "ಹೇಳಿದ್ದೆ."

ನಸೀಮಾ ತಂತಿಗಳನ್ನೆಲ್ಲ ಬಿಚ್ಚಿದಳು. ಬ್ರಿಡ್ಜ್ ಪೂರ್ತಿ ಬಿಡಿಸಿ ನೋಡಿದರೆ ಅಡಿಯಲ್ಲಿ ಎರಡು ಬಣ್ಣದ ಅಂಟು. ನನಗಿಂತ ಮುಂಚೆಯೇ ಅದು ಒಮ್ಮೆ ಕಿತ್ತು, ಯಾರೋ ಅವಸರದಲ್ಲಿ ಅಂಟಿಸಿದ್ದರು.

"ನೋಡಿದ್ಯಾ? ಆಗ ಬಲಗೈನೋರೇ ತಾನೇ ನುಡಿಸ್ತಿದ್ದಿದ್ದು? ನಿನ್ನ ಎಡಗೈಗೂ ಇದಕ್ಕೂ ಸಂಬಂಧ ಇಲ್ಲ," ಅಂದಳು ನಸೀಮಾ. "ಆದ್ರೆ ಒಂದ್ಮಾತು ಹೇಳ್ತೀನಿ, ಸಿಟ್ಟಾಗ್ಬೇಡ. ಇಷ್ಟು ತೆಳು ಗಿಟಾರಿಗೆ, ಈ ಥಂಡಿಲಿ, ಅಷ್ಟು ಬಿಗಿ ತಂತಿ ನಾವು ಹಾಕ್ಬಾರ್ದಿತ್ತು."

ಸಿಟ್ಟಾಗಲಿಲ್ಲ. ಅವಳು ಹೇಳಿದ್ದು ಸರಿಯಿತ್ತು. ಅವಳ ಅಪ್ಪ ಕೈಯಲ್ಲಿ ತಡವಿಕೊಂಡೇ ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಒತ್ತಿ ಹಿಡಿಯುವ ಕ್ಲ್ಯಾಂಪು ಬಿಗಿದು, ಒಣಗುವವರೆಗೆ ಮುಟ್ಟಬೇಡಿ ಎಂದರು. ಆ ದಿನಗಳಲ್ಲಿ ನಾನು ಸಿಟ್ಟನ್ನು ಬದಿಗಿಟ್ಟು ತಂತಿಯ ಬಗ್ಗೆ ಯೋಚಿಸಿದೆ. ಯಾರಿಗೆ ಏನು ತೋರಿಸಬೇಕು ಎನ್ನುವುದನ್ನು ಬಿಟ್ಟು, ಈ ಮರಕ್ಕೆ ಏನು ಬೇಕು, ನನ್ನ ಈ ಎರಡು ಕೈಗೆ ಏನು ಬೇಕು ಎಂದು.

ಕಡಿಮೆ ಬಿಗಿಯ ಸೆಟ್ ಕಟ್ಟಿದೆವು. ಬಲಗೈಗೆ ಹಾಯೆನಿಸಿತು, ಆದರೆ ಬೀಸಿದರೆ ದಪ್ಪ ತಂತಿಗಳು ಒಂದಕ್ಕೊಂದು ತಾಗುವಷ್ಟು ಅಲುಗಾಡಿದವು. ಸಾಧಾರಣ ಬಿಗಿಯದು ಕಟ್ಟಿದೆವು. ದಪ್ಪದವು ಸರಿಹೋದವು, ಬೋಳು ತಂತಿಗಳಲ್ಲಿ ಮೂರನೆಯದು ಮಾತ್ರ ಮಂಕು, ಬಾಯಿಗೆ ಬಟ್ಟೆ ಹಿಡಿದು ಮಾತಾಡಿದ ಹಾಗೆ. ನಸೀಮಾ ಫೋನಿನಲ್ಲಿ ಹುಡುಕಿ ಕಾರ್ಬನ್ ಎಂಬ ತಂತಿ ತರಿಸಿದಳು. ಅದು ನೈಲಾನಿಗಿಂತ ಸಣ್ಣ, ಗಡಸು, ದನಿ ಹೊಳಪು. ಮೂರಕ್ಕೂ ಅದನ್ನೇ ಹಾಕಿದರೆ ಮೊದಲನೆಯದು ಕಿವಿಗೆ ಚುಚ್ಚಿತು. ಕೊನೆಗೆ ಮೊದಲ ಎರಡು ನೈಲಾನು, ಮೂರನೆಯದು ಮಾತ್ರ ಕಾರ್ಬನ್ನು, ದಪ್ಪನೆಯವು ಸಾಧಾರಣ ಬಿಗಿ. ಬೇರೆ ಬೇರೆ ಪ್ಯಾಕೆಟ್ಟಿನಿಂದ ಆಯ್ದ ತಂತಿಗಳು.

"ಯಾವ ಕಂಪನಿಯವ್ರೂ ಹೀಗೆ ಸೆಟ್ ಮಾಡಿ ಮಾರಲ್ಲ ಮಗಾ," ಎಂದು ನಸೀಮಾ ನಕ್ಕಳು.

ಶ್ರುತಿ ಮಾಡಿ ಬೀಸಿದೆ. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಗಿಟಾರುಗಳೆಲ್ಲ ಮೆಲ್ಲಗೆ ಗುಂಯ್ ಎಂದವು. ಒಳಗೆ ಮಲಗಿದ್ದ ಅವಳ ಅಪ್ಪ, "ಹಾಂ, ಇದು!" ಎಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ದಸರಾ ಕಳೆದ ಮೇಲೆ ಪ್ರೋಗ್ರಾಮಿನ ರಿಹರ್ಸಲ್ ಶುರುವಾಯಿತು. ಅವರು ನುಡಿಸುವುದೆಲ್ಲ ಕೆಳಗಿನ ನನ್ನ ಕೋಣೆಗೆ ಕೇಳಿಸುತ್ತಿತ್ತು, ಅಷ್ಟೂ ನನ್ನ ಕೈಗೆ ಬಂದಿತ್ತು. ನನಗೂ ಅವರ ಸಾಲಿನಲ್ಲಿ ಕೂತು ನುಡಿಸಬೇಕೆನ್ನಿಸಿತು, ಉಳಿದದ್ದು ಕೂರುವ ಜಾಗದ ಪ್ರಶ್ನೆ. ಒಂದು ಬೆಳಿಗ್ಗೆ ಬದನೆಕಾಯಿ ಜೋಡಿಸುತ್ತಿದ್ದೆ. ಎಲ್ಲದರ ತೊಟ್ಟೂ ಒಂದು ಕಡೆಗೆ, ಅವರೆಲ್ಲರ ಗಿಟಾರಿನ ಕತ್ತಿನ ಹಾಗೆ. ಒಂದನ್ನು ತಿರುಗಿಸಿಟ್ಟೆ. ನಡುವೆ ಎಲ್ಲಿಟ್ಟರೂ ತೊಟ್ಟಿಗೆ ತೊಟ್ಟು ತಾಗುತ್ತಿತ್ತು. ಒಂದು ತುದಿಯಲ್ಲಿಟ್ಟಾಗ ಮಾತ್ರ ಅದರ ತೊಟ್ಟು ಹೊರಕ್ಕೆ ಚಾಚಿತು, ಯಾರಿಗೂ ತಾಗಲಿಲ್ಲ. ಅದು ಯಾವ ತುದಿ ಎಂದು ಲೆಕ್ಕ ಹಾಕಿ ನಾನು ನಕ್ಕೆ. ಸಭಿಕರಿಗೆ ಎಡಗಡೆಯ ತುದಿ. ಅದು ಮೊದಲ ಗಿಟಾರಿನವರ ಕುರ್ಚಿ.

ಆ ಸಂಜೆ ಮಹಡಿ ಹತ್ತಿದೆ. ಯಾರೂ ಬಂದಿರಲಿಲ್ಲ. ಆ ತುದಿಯ ಕುರ್ಚಿಯಲ್ಲಿ ಹೋಗಿ ಕೂತೆ. ಒಬ್ಬೊಬ್ಬರೇ ಬಂದರು. ಕಾರ್ತಿಕ್ ಬಂದು ತನ್ನ ಜಾಗ ನೋಡಿ ನಿಂತ. ಆಮೇಲೆ ಸರ್.

"ಏನಿದು ಭಾಗ್ಯ?"

"ಇಲ್ಲಿ ಕೂತ್ರೆ ಯಾರಿಗೂ ಬಡಿಯಲ್ಲ ಸರ್. ನೋಡಿ."

"ಅದು ಫಸ್ಟ್ ಗಿಟಾರ್ ಜಾಗ. ಎದ್ದೇಳು."

"ಬೇರೆ ಎಲ್ಲಿ ಕೂತ್ರೂ ಬಡಿಯುತ್ತೆ. ಇದೊಂದೇ ಜಾಗ ಇರೋದು ನಂಗೆ. ಏಳಲ್ಲ ಸರ್."

ಗಿಟಾರನ್ನು ಮಡಿಲಿಗೆ ಎಳೆದುಕೊಂಡೆ. ಸರ್ ಮುಖ ಕೆಂಪಾಯಿತು. ಆಗ ಕಾರ್ತಿಕ್, "ಸರ್, ನಾನು ಪಕ್ಕದಲ್ಲಿ ಕೂತ್ಕೋತೀನಿ. ನಂಗೇನೂ ಪ್ರಾಬ್ಲಂ ಇಲ್ಲ," ಎಂದು ಎರಡನೆಯ ಕುರ್ಚಿ ಎಳೆದುಕೊಂಡ.

ಸರ್ ಕೈಯೆತ್ತಿ ತಾಳ ಹಾಕಿದರು. ಎಲ್ಲರೂ ಶುರುಮಾಡಿದರು, ನಾನೂ. ನಿಧಾನದ ಭಾಗದಲ್ಲಿ ಎರಡು ಕಡೆ ತಪ್ಪಿದೆ. ಸರ್ ನನ್ನತ್ತ ನೋಡಲಿಲ್ಲ. ಆಮೇಲೆ ಬೀಸಿನ ಭಾಗ ಬಂತು. ನಾನು ಎಡಗೈ ಬಿಟ್ಟೆ. ಸ್ವಲ್ಪ ಹೊತ್ತಿಗೆ ಉಳಿದವರ ಲಯ ನನ್ನ ಕೈಯ ಮೇಲೆ ಬಂದು ಕೂತಿತು. ಅದು ನನಗೂ ಗೊತ್ತಾಯಿತು, ಸರ್‌ಗೂ ಗೊತ್ತಾಯಿತು. ಮುಗಿದ ಮೇಲೆ ಸರ್ ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿ ಬಂದು ನನ್ನ ಗಿಟಾರಿನ ಮೇಲೆ ಬಾಗಿ ಮೂರನೆಯ ತಂತಿಯನ್ನು ಬೆರಳಿನಿಂದ ಎಳೆದು ಬಿಟ್ಟರು.

"ಇದೊಂದು ಬೇರೆ ಹಾಕಿದೀಯ?"

"ಹೌದು ಸರ್. ಕಾರ್ಬನ್."

"ಹೂಂ." ಇನ್ನೊಮ್ಮೆ ಮೀಟಿದರು. "ಸ್ವರದ ಭಾಗ ಕಾರ್ತಿಕ್ ನೋಡ್ಕೋತಾನೆ. ಬೀಸೋದು ನೀನು ಲೀಡ್ ಮಾಡು. ಆ ಎರಡು ತಪ್ಪು ಇನ್ನೊಂದ್ಸಲ ಆದ್ರೆ ಎಬ್ಬಿಸ್ತೀನಿ."

"ಆಗಲ್ಲ ಸರ್."

ನನ್ನದು ಸರಿ ಎಂದು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಅದಕ್ಕಾಗಿ ಕಾಯಲೂ ಇಲ್ಲ.

ಕಾರ್ತಿಕ ಮಾಸದ ಒಂದು ಭಾನುವಾರ ಸಂಜೆ, ಬಸವನಗುಡಿಯ ಸಣ್ಣ ಶಾಲೆಯೊಂದರ ಹಾಲಿನಲ್ಲಿ ಪ್ರೋಗ್ರಾಂ ನಡೆಯಿತು. ಅಮ್ಮ ಅಜ್ಜಿಯನ್ನು ಹೇಗೆ ಒಪ್ಪಿಸಿದಳೋ, ಕರೆದುಕೊಂಡು ಬಂದಿದ್ದಳು. ಹಿಂದಿನ ಸಾಲಿನಲ್ಲಿ ಅಮ್ಮ, ಅಜ್ಜಿ, ನಸೀಮಾ. ಪರದೆ ಸರಿದಾಗ ಸಭೆಯಲ್ಲಿ ಸಣ್ಣಗೆ ಪಿಸುಮಾತು ಎದ್ದಿತು. ಎಲ್ಲರ ಗಿಟಾರೂ ಒಂದು ಕಡೆ, ತುದಿಯವಳದು ಇನ್ನೊಂದು ಕಡೆ. ನಾನು ತಲೆ ತಗ್ಗಿಸಲಿಲ್ಲ. ತಪ್ಪುತ್ತಿದ್ದ ಆ ಎರಡೂ ಜಾಗ ತಪ್ಪದೆ ದಾಟಿದೆ. ಬೀಸು ಶುರುವಾದ ಮೇಲೆ ನನಗೆ ಸಭೆ ಕಾಣಿಸಲಿಲ್ಲ, ತಂತಿಗಳಷ್ಟೇ ಕಾಣಿಸಿದವು. ಮುಗಿದಾಗ ಬಂದ ಚಪ್ಪಾಳೆ ನನಗೊಬ್ಬಳಿಗೇನೂ ಅಲ್ಲ, ಆದರೆ ಅದರಲ್ಲಿ ನನ್ನ ಪಾಲೂ ಇತ್ತು.

ಆಟೋದಲ್ಲಿ ಮನೆಗೆ ಹೊರಟೆವು. ನಡುವೆ ಅಜ್ಜಿ, ಆಚೆ ಅಮ್ಮ, ಈಚೆ ಗಿಟಾರ್ ತಬ್ಬಿಕೊಂಡು ನಾನು. ರಾಮಕೃಷ್ಣ ಆಶ್ರಮದ ಸಿಗ್ನಲ್ ಹತ್ತಿರ ಆಟೋ ನಿಂತಿತು.

"ಅಷ್ಟು ಜನದ ಮುಂದೆ ಎಡಗೈ ಬೀಸ್ದಲ್ಲೇ," ಎಂದಳು ಅಜ್ಜಿ.

"ಹೂಂ ಅಜ್ಜಿ. ಅಷ್ಟೂ ಜನದ ಮುಂದೆ. ಮುಂದಿನ ವರ್ಷ ಒಬ್ಬಳೇ ಕೂತು ಬೀಸ್ತೀನಿ."

ಅಮ್ಮ ನನ್ನನ್ನು ಸುಮ್ಮನಿರು ಎಂಬಂತೆ ನೋಡಿದಳು. ಸಿಗ್ನಲ್ ಬಿಟ್ಟು ಆಟೋ ಮುಂದಕ್ಕೆ ಹೋಯಿತು. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ಹಾಗಾದ್ರೆ ಮುಂದ್ಗಡೆ ಸೀಟು ಹಿಡ್ಸು," ಎಂದಳು. "ಅಷ್ಟು ಹಿಂದೆ ಕೂತ್ರೆ ಕೈ ಕಾಣ್ಸಲ್ಲ."